ಲಸಿಕೆಯ ಸಂದೇಹವೂ ವಿವೇಕದ ತಕ್ಕಡಿಯೂ

ಕೆಲವು ಪ್ರಶ್ನೆಗಳು ಮೇಲ್ನೋಟಕ್ಕೆ ವೈದ್ಯರಿಗೆ ಸೇರಿದವೆಂದು ತೋರಿದರೂ ಒಳಹೊಕ್ಕು ನೋಡಿದಾಗ ಮನಸ್ಸಾಕ್ಷಿಗೂ ಸೇರಿದವಾಗಿರುತ್ತವೆ. ಮಗುವಿಗೆ ಲಸಿಕೆ ಹಾಕಿಸಬೇಕೇ ಬೇಡವೇ ಎಂಬುದು ಅಂತಹ ಪ್ರಶ್ನೆಗಳಲ್ಲೊಂದು. ಯಾದಗಿರಿ, ಶಹಾಪುರ, ಸುರಪುರ ಭಾಗದ ನಮ್ಮ ಕುಟುಂಬಗಳಲ್ಲಿ ಕೋವಿಡ್ ಕಾಲದಿಂದೀಚೆಗೆ ಈ ಪ್ರಶ್ನೆ ಮತ್ತೆ ಮತ್ತೆ ಕೇಳಿಬರುತ್ತಿದೆ. ಭಾನುವಾರದ ಪೂಜೆ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿ ನಿಂತು ತಾಯಂದಿರು ಕೇಳುತ್ತಾರೆ. ಮೊಬೈಲ್ ಫೋನಿಗೆ ಬಂದ ಸಂದೇಶವನ್ನು ತೋರಿಸಿ ತರುಣರು ವಾದಿಸುತ್ತಾರೆ. ಕೇಳುವವರು ಅಜ್ಞಾನಿಗಳಲ್ಲ, ಹಟಮಾರಿಗಳೂ ಅಲ್ಲ. ಮಕ್ಕಳ ಮೇಲಿನ ಮಮತೆಯೇ ಅವರಿಂದ ಈ ಮಾತನ್ನು ಆಡಿಸುತ್ತದೆ. ಆದುದರಿಂದ ಈ ವಾರ ಈ ವಿಷಯವನ್ನು ಓದುಗರೊಡನೆ ಸಮಾಧಾನದಿಂದ ವಿಚಾರ ಮಾಡೋಣವೆಂದು ನಮಗೆ ತೋರಿದೆ.

ಮೊದಲು ಪೂರ್ವಪಕ್ಷ

ಸಂತ ತೋಮಸ್ ಅಕ್ವಿನಾಸರು ತಮ್ಮ ದೈವಶಾಸ್ತ್ರದ ಮಹಾಗ್ರಂಥದಲ್ಲಿ ಯಾವ ಪ್ರಶ್ನೆಯನ್ನು ಎತ್ತಿಕೊಂಡರೂ ಮೊದಲು ಎದುರಾಳಿಯ ಆಕ್ಷೇಪಣೆಗಳನ್ನು ಒಂದೊಂದಾಗಿ ಹೇಳಿ, ಆಮೇಲಷ್ಟೇ ತಮ್ಮ ಉತ್ತರವನ್ನು ಮುಂದಿಡುತ್ತಾರೆ. ನಮ್ಮ ದೇಶದ ಶಾಸ್ತ್ರಕಾರರೂ ಪೂರ್ವಪಕ್ಷವನ್ನು ನಿರೂಪಿಸದೆ ಸಿದ್ಧಾಂತಕ್ಕೆ ಬರುತ್ತಿರಲಿಲ್ಲ. ಲಸಿಕೆಯ ವಿಷಯದಲ್ಲಿಯೂ ಇದೇ ಸರಿಯಾದ ದಾರಿ. "ಲಸಿಕೆಯಿಂದ ಯಾರಿಗೂ ಎಂದೂ ಏನೂ ಆಗುವುದಿಲ್ಲ" ಎಂದು ಹೇಳಿ ಜನರನ್ನು ಸುಮ್ಮನಾಗಿಸುವುದು ಸತ್ಯಕ್ಕೆ ಅಪಚಾರ. ಲಸಿಕೆಗಳಿಂದ ತೊಂದರೆಯಾದದ್ದುಂಟು, ಅದನ್ನು ಮೊದಲು ಒಪ್ಪಿಕೊಳ್ಳೋಣ.

ಹುಚ್ಚುನಾಯಿ ಕಡಿದವರಿಗೆ ಹೊಕ್ಕುಳಿನ ಸುತ್ತ ಹದಿನಾಲ್ಕು ಸೂಜಿ ಹಾಕಿಸುತ್ತಿದ್ದ ಕಾಲವನ್ನು ನಮ್ಮ ಹಿರಿಯರು ಬಲ್ಲರು. ಅದು 1911ರಲ್ಲಿ ಕಸೌಲಿಯಲ್ಲಿ ಡೇವಿಡ್ ಸೆಂಪಲ್ ಎಂಬ ವೈದ್ಯರು ರೂಪಿಸಿದ ಲಸಿಕೆ. ಕುರಿಯ ಮೆದುಳಿನಿಂದ ತಯಾರಾಗುತ್ತಿತ್ತು. ಕೆಲವು ಸಾವಿರ ಜನರಲ್ಲಿ ಒಬ್ಬರಿಗೆ ಅದರಿಂದಲೇ ನರಗಳಿಗೆ ಪೆಟ್ಟಾಗಿ ಕೈಕಾಲು ಸ್ವಾಧೀನ ತಪ್ಪುತ್ತಿತ್ತು. ಆದರೂ ವೈದ್ಯರು ಅದನ್ನು ಕೊಡುತ್ತಿದ್ದರು. ಏಕೆಂದರೆ ಹುಚ್ಚುನಾಯಿ ರೋಗ ಒಮ್ಮೆ ಕಾಣಿಸಿಕೊಂಡರೆ ರೋಗಿ ಬದುಕುವುದಿಲ್ಲವೆಂದೇ ಹೇಳಬೇಕು. ಅಂಗಾಂಶ ಕೃಷಿಯಿಂದ ತಯಾರಾದ ಸುರಕ್ಷಿತ ಲಸಿಕೆ ಕೈಗೆ ಬಂದ ಮೇಲೆ 2004ರ ಡಿಸೆಂಬರಿನಲ್ಲಿ ಭಾರತ ಹಳೆಯ ಲಸಿಕೆಯ ತಯಾರಿಕೆಯನ್ನೇ ನಿಲ್ಲಿಸಿತು.

ಪೋಲಿಯೊ ಹನಿಯ ಕಥೆಯೂ ಹೀಗೆಯೇ. ಬಾಯಿಗೆ ಹಾಕುವ ಈ ಹನಿಯಲ್ಲಿ ದುರ್ಬಲಗೊಳಿಸಿದ ಜೀವಂತ ವೈರಾಣುಗಳಿರುತ್ತವೆ. ಸುಮಾರು 27 ಲಕ್ಷ ಡೋಸುಗಳಲ್ಲಿ ಒಂದು ಸಲ ಆ ಹನಿಯೇ ಪಾರ್ಶ್ವವಾಯುವಿಗೆ ಕಾರಣವಾಗಬಲ್ಲದೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ನಮ್ಮ ದೇಶದ ಕೊನೆಯ ಕಾಡುಪೋಲಿಯೊ ಪ್ರಕರಣ 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಹಾವಡಾ ಜಿಲ್ಲೆಯಲ್ಲಿ ಕಂಡುಬಂದಿತು. ರೋಗ ಹಿಂದೆ ಸರಿದಂತೆ ಆ ಸಣ್ಣ ಅಪಾಯವನ್ನೂ ತಗ್ಗಿಸಬೇಕೆಂದು 2015ರ ಕೊನೆಯಲ್ಲಿ ನಿರ್ಜೀವ ವೈರಾಣುವಿನ ಪೋಲಿಯೊ ಚುಚ್ಚುಮದ್ದನ್ನು ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಲಾಯಿತು. 2016ರ ಏಪ್ರಿಲಿನಲ್ಲಿ ಹನಿಯ ಸಂಯೋಜನೆಯನ್ನೂ ಬದಲಿಸಲಾಯಿತು.

ಕೋವಿಶೀಲ್ಡ್ ಲಸಿಕೆಯಿಂದ ಅತಿ ವಿರಳವಾಗಿ ರಕ್ತ ಹೆಪ್ಪುಗಟ್ಟುವ ತೊಂದರೆ ಉಂಟಾಗುತ್ತದೆಂಬ ಸುದ್ದಿ 2024ರಲ್ಲಿ ಪತ್ರಿಕೆಗಳಲ್ಲಿ ಬಂದಾಗ ಅನೇಕರು "ನಮಗೆ ಮುಚ್ಚಿಟ್ಟರು" ಎಂದು ನೊಂದುಕೊಂಡರು. ವಾಸ್ತವವಾಗಿ 2021ರ ಮೇ ತಿಂಗಳಿನಲ್ಲಿಯೇ ರಾಷ್ಟ್ರೀಯ ಸಮಿತಿಯು ಅಂತಹ 26 ಪ್ರಕರಣಗಳನ್ನು ಗುರುತಿಸಿ, ಪ್ರತಿ ಹತ್ತು ಲಕ್ಷ ಡೋಸಿಗೆ 0.61ರಂತೆ ಇದು ಸಂಭವಿಸಿದೆಯೆಂದು ಪ್ರಕಟಿಸಿತ್ತು. ಇದಕ್ಕೂ ಮೊದಲೇ ಬ್ರಿಟನ್ನಿನಲ್ಲಿ 30 ವರ್ಷದೊಳಗಿನವರಿಗೆ, ಆಮೇಲೆ 40ರೊಳಗಿನವರಿಗೆ, ಸಾಧ್ಯವಿದ್ದಲ್ಲಿ ಬೇರೆ ಲಸಿಕೆಯನ್ನು ಕೊಡುವಂತೆ ಸೂಚಿಸಲಾಗಿತ್ತು. ಮುದುಕರಿಗೆ ಕೋವಿಡ್ ರೋಗದ ಭಯವೇ ಹೆಚ್ಚು. ತರುಣರಿಗೆ ಆ ಭಯ ಕಡಿಮೆ. ಆದುದರಿಂದ ತೂಕ ಬೇರೆ, ತೀರ್ಮಾನವೂ ಬೇರೆ.

ಇನ್ನು ನಮ್ಮ ರಾಜ್ಯದ್ದೇ ನಿದರ್ಶನ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಗೆ ಮಲೆನಾಡಿನಲ್ಲಿ ಬಹುಕಾಲ ಕೊಡುತ್ತಿದ್ದ ಲಸಿಕೆ ತನ್ನ ಶಕ್ತಿಯನ್ನು ಕಳೆದುಕೊಂಡಿದೆಯೆಂದು ಕಂಡುಬಂದಾಗ 2022ರಲ್ಲಿ ಅದನ್ನು ನಿಲ್ಲಿಸಲಾಯಿತು.

ಈ ನಾಲ್ಕು ನಿದರ್ಶನಗಳಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಲಸಿಕೆಯ ದೋಷವನ್ನು ಕಂಡುಹಿಡಿದದ್ದು ವದಂತಿಯಲ್ಲ. ಲೆಕ್ಕವಿಟ್ಟು, ಹೋಲಿಸಿ, ಪರೀಕ್ಷಿಸಿದ ವೈದ್ಯವಿಜ್ಞಾನವೇ. ಸಂದೇಹಪಡುವುದು ತಪ್ಪಲ್ಲ. ಆದರೆ ಸಂದೇಹಕ್ಕೂ ಒಂದು ಶಿಸ್ತು ಬೇಕು.

ಕಾಗೆ ಕೂತದ್ದಕ್ಕೆ ಹಣ್ಣು ಬಿತ್ತೇ?

2025ರ ಬೇಸಿಗೆಯ ಕೊನೆಯಲ್ಲಿ ಹಾಸನ ಜಿಲ್ಲೆಯಲ್ಲಿ ಹೃದಯಾಘಾತದಿಂದ ಸತ್ತವರ ಸುದ್ದಿ ಒಂದರ ಹಿಂದೊಂದು ಬಂದುದನ್ನು ಓದುಗರು ಮರೆತಿರಲಾರರು. ಒಂದು ತಿಂಗಳ ಅವಧಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ, ಅವರಲ್ಲಿ ಹರೆಯದವರೂ ಇದ್ದರು. ಲಸಿಕೆಗೆ ಅವಸರದಲ್ಲಿ ಅನುಮತಿ ಕೊಟ್ಟದ್ದೂ ಒಂದು ಕಾರಣವಾಗಿರಬಹುದೆಂಬ ಮಾತು ಜುಲೈ 1ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರಿಂದಲೇ ಬಂದಿತು. ಕೇಂದ್ರ ಆರೋಗ್ಯ ಸಚಿವಾಲಯ ಮರುದಿನವೇ ಅದನ್ನು ಅಲ್ಲಗಳೆಯಿತು. ವಾದ ವಿವಾದಗಳು ಹಾಸನದಿಂದ ನಮ್ಮ ಊರುಗಳಿಗೂ ಹರಿದುಬಂದವು. "ಸತ್ತವರೆಲ್ಲರೂ ಲಸಿಕೆ ಹಾಕಿಸಿಕೊಂಡವರೇ" ಎಂಬ ಮಾತು ಬಹಳ ಜನರನ್ನು ಕಂಗೆಡಿಸಿತು.

ಈ ಮಾತನ್ನು ತುಸು ಬಿಡಿಸಿ ನೋಡೋಣ. ರಾಜ್ಯದ ವಯಸ್ಕರಲ್ಲಿ ಬಹುತೇಕ ಎಲ್ಲರೂ ಲಸಿಕೆ ಹಾಕಿಸಿಕೊಂಡಿರುವಾಗ, ಯಾವ ಕಾರಣದಿಂದ ಯಾರೇ ಸತ್ತರೂ ಅವರು ಲಸಿಕೆ ಹಾಕಿಸಿಕೊಂಡವರೇ ಆಗಿರುತ್ತಾರೆ. ಹಾವು ಕಚ್ಚಿ ಸತ್ತವರೂ, ರಸ್ತೆ ಅಪಘಾತದಲ್ಲಿ ಸತ್ತವರೂ ಲಸಿಕೆ ಪಡೆದವರೇ. ಕಾಗೆ ಕೂರುವುದಕ್ಕೂ ತಾಳೆಯ ಹಣ್ಣು ಬೀಳುವುದಕ್ಕೂ ಸಮಯ ಕೂಡಿಬಂದ ಮಾತ್ರಕ್ಕೆ ಕಾಗೆಯೇ ಹಣ್ಣನ್ನು ಬೀಳಿಸಿತೆನ್ನಲಾಗದು. ಇದನ್ನೇ ನಮ್ಮ ಹಿಂದಿನವರು ಕಾಕತಾಳೀಯ ನ್ಯಾಯವೆಂದರು. ಒಂದರ ನಂತರ ಇನ್ನೊಂದು ನಡೆಯಿತೆಂಬುದು ಬೇರೆ. ಒಂದರಿಂದ ಇನ್ನೊಂದು ನಡೆಯಿತೆಂಬುದು ಬೇರೆ.

ಹಾಗಾದರೆ ನಿಜವನ್ನು ತಿಳಿಯುವ ಬಗೆ ಹೇಗೆ? ಲಸಿಕೆ ಪಡೆದವರಲ್ಲಿ ಎಷ್ಟು ಜನ, ಪಡೆಯದವರಲ್ಲಿ ಎಷ್ಟು ಜನ ಎಂದು ಹೋಲಿಸಿ ನೋಡುವುದೇ ಬಗೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಈ ಕೆಲಸವನ್ನು 47 ಆಸ್ಪತ್ರೆಗಳ ಮೂಲಕ ಮಾಡಿತು. 18ರಿಂದ 45 ವರ್ಷದೊಳಗೆ ಹಠಾತ್ತನೆ ಸತ್ತ 729 ಜನರನ್ನು, ಅದೇ ವಯಸ್ಸಿನ, ಅದೇ ನೆರೆಹೊರೆಯ ಇತರ 2,916 ಜನರೊಡನೆ ಹೋಲಿಸಿ ನೋಡಲಾಯಿತು. ಲಸಿಕೆ ಸಾವಿನ ಅಪಾಯವನ್ನು ಹೆಚ್ಚಿಸಿರಲಿಲ್ಲ. ಎರಡು ಡೋಸು ಪಡೆದವರಲ್ಲಿ ಅಪಾಯ ತಗ್ಗಿಯೇ ಇತ್ತು. ಅಪಾಯವನ್ನು ಹೆಚ್ಚಿಸಿದವು ಯಾವುವೆಂದರೆ, ಹಿಂದೆ ಕೋವಿಡ್‌ನಿಂದ ಆಸ್ಪತ್ರೆ ಸೇರಿದ್ದುದು, ಮನೆತನದಲ್ಲಿ ಹಠಾತ್ ಸಾವಿನ ಇತಿಹಾಸ, ಸಾವಿಗೆ ಮುನ್ನಿನ ಎರಡು ದಿನಗಳಲ್ಲಿ ಮಿತಿಮೀರಿದ ಕುಡಿತ, ರೂಢಿಯಿಲ್ಲದ ಕಠಿಣ ಶ್ರಮ. ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರಾಗಿದ್ದ ಡಾ. ಕೆ. ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ರಾಜ್ಯ ಸರಕಾರವೇ ನೇಮಿಸಿದ ಸಮಿತಿಯೂ ಲಸಿಕೆಗೂ ಅಕಾಲಿಕ ಹೃದ್ರೋಗಕ್ಕೂ ಸಂಬಂಧವಿಲ್ಲವೆಂದು 2025ರ ಜುಲೈನಲ್ಲಿ ವರದಿ ಕೊಟ್ಟಿತು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ರಕ್ತ ಹೆಪ್ಪುಗಟ್ಟುವ ವಿಷಯದಲ್ಲಿ ಲಸಿಕೆಯನ್ನು ದೋಷಿಯೆಂದು ತೋರಿಸಿಕೊಟ್ಟ ಹೋಲಿಕೆಯ ವಿಧಾನವೇ, ಹೃದಯಾಘಾತದ ವಿಷಯದಲ್ಲಿ ಅದನ್ನು ನಿರ್ದೋಷಿಯೆಂದು ತೋರಿಸಿತು. ತಕ್ಕಡಿ ಒಂದೇ. ನಮಗೆ ಬೇಕಾದಾಗ ನಂಬಿ, ಬೇಡವಾದಾಗ ಮುರಿದುಹಾಕುವುದು ನ್ಯಾಯವಲ್ಲ.

"ಆರಾಮ ಇದ್ದ ಕೂಸಿಗಿ..."

ಸುರಪುರದ ಕಡೆಯ ಒಬ್ಬ ತಂದೆ ನಮ್ಮನ್ನು ಕೇಳಿದ ಪ್ರಶ್ನೆ ಹೀಗಿತ್ತು: "ಆರಾಮ ಇದ್ದ ಕೂಸಿಗಿ ಸೂಜಿ ಮಾಡಿಸಿ ಜ್ವರ ಯಾಕ ತರಿಸಬೇಕ್ರಿ, ಫಾದರ್?" ಈ ವಿಷಯದಲ್ಲಿ ನಾವು ಕೇಳಿದ ಪ್ರಶ್ನೆಗಳಲ್ಲಿ ಇದಕ್ಕಿಂತ ಆಳವಾದುದು ಇನ್ನೊಂದಿಲ್ಲ. ರೋಗಿಗೆ ಔಷಧ ಕೊಡುವುದು ಎಲ್ಲರಿಗೂ ಅರ್ಥವಾಗುತ್ತದೆ. ಲಸಿಕೆಯಾದರೋ ಆರೋಗ್ಯವಂತ ಮಗುವಿಗೆ ಕೊಡುವಂಥದು. ಅದರಿಂದ ಬರುವ ಜ್ವರ, ಬಾವು, ಅಳು ಇಂದೇ ಕಣ್ಣಿಗೆ ಕಾಣುತ್ತವೆ. ಅದು ತಪ್ಪಿಸುವ ರೋಗ ಕಾಣುವುದೇ ಇಲ್ಲ, ಏಕೆಂದರೆ ಅದು ಬರುವುದೇ ಇಲ್ಲ. ಕಂಡ ನೋವಿಗೂ ಕಾಣದ ಲಾಭಕ್ಕೂ ಜಗಳ ಬಿದ್ದಾಗ ಕಂಡದ್ದೇ ಗೆಲ್ಲುವುದು ಸಹಜ.

ಆದರೆ ಇನ್ನೊಂದು ಮಾತುಂಟು. ಲಸಿಕೆ ಹಾಕಿಸದೆ ಸುಮ್ಮನಿದ್ದರೆ ನಾವು ಯಾವ ಅಪಾಯವನ್ನೂ ಆರಿಸಿಕೊಂಡಿಲ್ಲ ಎಂದು ಭಾವಿಸುತ್ತೇವೆ. ಇದು ಭ್ರಮೆ. ಭೀಮಾ ತೀರದ ರೈತ ಮಳೆ ಬರುವುದೋ ಇಲ್ಲವೋ ಎಂದು ಅಂಜಿ ತೊಗರಿಯನ್ನು ಬಿತ್ತದೆ ಬಿಟ್ಟರೆ ಬೀಜದ ದುಡ್ಡು ಉಳಿಯಬಹುದು. ಆದರೆ ಆ ವರ್ಷ ಹೊಲ ಬೀಳು ಬಿದ್ದ ನಷ್ಟ ಅವನದೇ. ಬಿತ್ತುವುದೂ ಒಂದು ತೀರ್ಮಾನ, ಬಿತ್ತದಿರುವುದೂ ಒಂದು ತೀರ್ಮಾನ. ಪೂಜೆಯ ಆರಂಭದಲ್ಲಿ ನಾವು ಮಾಡಿದ ತಪ್ಪುಗಳ ಜೊತೆಗೆ, ಮಾಡಬೇಕಾಗಿದ್ದು ಮಾಡದೆ ಬಿಟ್ಟದ್ದಕ್ಕೂ ಕ್ಷಮೆ ಬೇಡುತ್ತೇವಷ್ಟೆ. ಆ ಪ್ರಾರ್ಥನೆಯ ಅರ್ಥ ಮಗುವಿನ ತೊಟ್ಟಿಲಿನವರೆಗೂ ಬರುತ್ತದೆ.

ಆದುದರಿಂದ ತಕ್ಕಡಿಯ ಎರಡು ತಟ್ಟೆಗಳಲ್ಲಿಯೂ ಏನಿದೆಯೆಂದು ನೋಡೋಣ. ದಡಾರವನ್ನೇ ತೆಗೆದುಕೊಳ್ಳಿ. ಒಬ್ಬ ರೋಗಿಯಿಂದ, ಲಸಿಕೆಯಿಲ್ಲದ ಜನರ ನಡುವೆ, 12ರಿಂದ 18 ಜನರಿಗೆ ಹರಡಬಲ್ಲ ಸಾಂಕ್ರಾಮಿಕವದು. ದಡಾರ ಬಂದ ಸಾವಿರ ಮಕ್ಕಳಲ್ಲಿ ಸುಮಾರು ಒಬ್ಬರಿಗೆ ಮೆದುಳಿನ ಉರಿಯೂತವಾಗುತ್ತದೆ. ಒಳ್ಳೆಯ ಆಸ್ಪತ್ರೆಗಳಿರುವ ದೇಶಗಳಲ್ಲಿಯೂ ಸಾವಿರಕ್ಕೆ ಒಬ್ಬರಿಂದ ಮೂವರು ಸಾಯುತ್ತಾರೆ. ಅಪೌಷ್ಟಿಕತೆಯಿಂದ ಬಳಲುವ ಮಕ್ಕಳಲ್ಲಿ ಇನ್ನೂ ಹೆಚ್ಚು. ಇನ್ನೊಂದು ತಟ್ಟೆಯಲ್ಲಿ ಲಸಿಕೆ: ಕೆಲವು ಮಕ್ಕಳಿಗೆ ಜ್ವರ, ಮೈಮೇಲೆ ಸಣ್ಣ ಗುಳ್ಳೆ, ಸುಮಾರು ಮೂರು ನಾಲ್ಕು ಸಾವಿರಕ್ಕೆ ಒಬ್ಬರಿಗೆ ಜ್ವರದ ಸೆಳೆತ, ಅದು ನೋಡಲು ಭಯ ಹುಟ್ಟಿಸಿದರೂ ಸಾಮಾನ್ಯವಾಗಿ ಶಾಶ್ವತ ಹಾನಿ ಮಾಡದು, ತೀವ್ರ ಅಲರ್ಜಿ ಸುಮಾರು ಹತ್ತು ಲಕ್ಷ ಡೋಸಿಗೆ ಒಂದು. ಸಾವಿರದ ಲೆಕ್ಕವನ್ನೂ ಹತ್ತು ಲಕ್ಷದ ಲೆಕ್ಕವನ್ನೂ ಒಂದೇ ಎಂದು ತೂಗಲಾದೀತೇ?

ದಡಾರ ಲಸಿಕೆಯಿಂದ ಮಕ್ಕಳಿಗೆ ಆಟಿಸಂ ಬರುತ್ತದೆಂಬ ಮಾತು ಇನ್ನೂ ಸುತ್ತುತ್ತಿದೆ. 1998ರಲ್ಲಿ ಲಂಡನ್ನಿನ ಒಬ್ಬ ವೈದ್ಯ ಹನ್ನೆರಡೇ ಮಕ್ಕಳನ್ನು ಆಧಾರವಾಗಿಟ್ಟುಕೊಂಡು ಬರೆದ ಲೇಖನದಿಂದ ಅದು ಹುಟ್ಟಿತು. ಅದನ್ನು ಪ್ರಕಟಿಸಿದ ಲ್ಯಾನ್ಸೆಟ್ ಪತ್ರಿಕೆಯೇ 2010ರಲ್ಲಿ ಆ ಲೇಖನವನ್ನು ಹಿಂದೆಗೆದುಕೊಂಡಿತು. ಲಕ್ಷಾಂತರ ಮಕ್ಕಳನ್ನು ಪರಿಶೀಲಿಸಿದ ನಂತರದ ಅಧ್ಯಯನಗಳಲ್ಲಿ ಅಂತಹ ಸಂಬಂಧ ಕಾಣಲಿಲ್ಲ.

ಗಂಟಲುಮಾರಿಯ ಮಾತು ನಮ್ಮ ಭಾಗಕ್ಕೆ ಇನ್ನೂ ಹತ್ತಿರದ್ದು. ಉತ್ತರ ಕರ್ನಾಟಕದ ಜಿಲ್ಲೆಗಳಿಂದ ಈ ರೋಗ ಪೂರ್ತಿ ತೊಲಗಿಲ್ಲ. ಚಿಕಿತ್ಸೆ ದೊರೆತರೂ ಹತ್ತರಲ್ಲಿ ಒಬ್ಬ ರೋಗಿ ಸಾಯುವಷ್ಟು ಕ್ರೂರವಾದ ರೋಗವದು. ಶೈಶವದಲ್ಲಿ ಕೊಟ್ಟ ಲಸಿಕೆಯ ಬಲ ವರ್ಷ ಕಳೆದಂತೆ ಕುಗ್ಗುವುದರಿಂದ ಒಂದೂವರೆ ವರ್ಷದ ಸುಮಾರಿಗೆ, ಐದು ವರ್ಷಕ್ಕೆ, ಹತ್ತು ಹಾಗೂ ಹದಿನಾರನೆಯ ವಯಸ್ಸಿಗೆ ಮತ್ತೆ ಕೊಡಬೇಕಾಗುತ್ತದೆ. ಅನೇಕ ಮನೆಗಳಲ್ಲಿ ತಪ್ಪಿಹೋಗುವುದು ಈ ನಂತರದ ಡೋಸುಗಳೇ.

ಒಬ್ಬ ಗುರುವಿನ ಲೆಕ್ಕದ ಪುಸ್ತಕ

ಈ ವಾದ ಹೊಸದಲ್ಲ. 1796ರಲ್ಲಿ ಎಡ್ವರ್ಡ್ ಜೆನ್ನರ್ ಹಸುವಿನ ಸಿಡುಬಿನ ರಸದಿಂದ ಲಸಿಕೆ ಹಾಕುವ ಬಗೆಯನ್ನು ಕಂಡುಹಿಡಿದರು. 1802ರ ಜೂನ್ 14ರಂದು ಮುಂಬಯಿಯಲ್ಲಿ ಮೂರು ವರ್ಷದ ಒಂದು ಹೆಣ್ಣುಮಗುವಿಗೆ ಭಾರತದ ಮೊದಲ ಲಸಿಕೆ ಬಿದ್ದಿತು. ಮರುವರ್ಷವೇ ಮೈಸೂರು ಸೀಮೆಯಲ್ಲಿ ಸೇವೆ ಸಲ್ಲಿಸುತ್ತಿದ್ದ ಫ್ರೆಂಚ್ ಕಥೋಲಿಕ ಗುರು ಅಬ್ಬೆ ದುಬ್ವಾ ಅವರು ಈ ಕೆಲಸಕ್ಕೆ ಕೈಹಾಕಿದರು. 1803–04ರ ಅವರ ವರದಿಯಲ್ಲಿ ಲಸಿಕೆ ಪಡೆದವರ ಸಂಖ್ಯೆ 25,432 ಎಂದಿದೆ. ಹಸುವಿನ ರಸವೆಂಬ ಅಸಹ್ಯ, ದೇವಿ ಮುನಿದಾಳೆಂಬ ಭಯ, ಪರದೇಶಿಯ ಸೂಜಿಯೆಂಬ ಅನುಮಾನ ಇವೆಲ್ಲದರ ನಡುವೆ, ರೈಲು ರಸ್ತೆಗಳಿಲ್ಲದ ಕಾಲದಲ್ಲಿ ಆ ಸಂಖ್ಯೆ ಸಣ್ಣದಲ್ಲ. ಜನರ ಭಾಷೆಯನ್ನು ಕಲಿತು, ಅವರ ಉಡುಗೆಯನ್ನೇ ತೊಟ್ಟು, ಅವರ ನಡುವೆ ಬಾಳಿದ ಗುರುವಾಗಿದ್ದುದರಿಂದಲೇ ಜನ ಅವರಿಗೆ ತೋಳು ಕೊಟ್ಟರೆಂದು ನಮ್ಮ ಎಣಿಕೆ.

ಆಗಲೂ ತಕ್ಕಡಿಯಿತ್ತು. ಸಿಡುಬು ಬಂದ ನೂರರಲ್ಲಿ ಸುಮಾರು ಮೂವತ್ತು ಜನ ಸಾಯುತ್ತಿದ್ದರು. ಜೆನ್ನರನಿಗೂ ಹಿಂದೆ ರೋಗಿಯ ಗುಳ್ಳೆಯ ಕೀವನ್ನೇ ಆರೋಗ್ಯವಂತರ ಚರ್ಮಕ್ಕೆ ಹಾಕುವ ಪದ್ಧತಿಯಿತ್ತು. ಅದರಿಂದ ನೂರಕ್ಕೆ ಒಬ್ಬಿಬ್ಬರು ಸಾಯುತ್ತಿದ್ದರು. ಹಸುವಿನ ಸಿಡುಬಿನ ಲಸಿಕೆ ಆ ಅಪಾಯವನ್ನು ಅತಿ ವಿರಳಕ್ಕೆ ಇಳಿಸಿತು. ಕೊನೆಗೆ 1975ರಲ್ಲಿ ಭಾರತದ ಕೊನೆಯ ರೋಗಿ, 1980ರಲ್ಲಿ ಜಗತ್ತೇ ಸಿಡುಬುಮುಕ್ತ. ಆಮೇಲೇನಾಯಿತು? ಲಸಿಕೆಯನ್ನು ನಿಲ್ಲಿಸಿದರು. ರೋಗವೇ ಇಲ್ಲದ ಮೇಲೆ ಲಸಿಕೆಯ ಅತ್ಯಲ್ಪ ಅಪಾಯವೂ ದುಬಾರಿಯಾಯಿತು. ನಮ್ಮ ವಯಸ್ಸಿನವರ ತೋಳಿನ ಮೇಲೆ ಇರುವ ಆ ಗುರುತು ನಮ್ಮ ಸೋದರಳಿಯಂದಿರ ತೋಳಿನ ಮೇಲಿಲ್ಲ. ಒಂದು ತಟ್ಟೆ ಬರಿದಾದಾಗ ಇನ್ನೊಂದನ್ನೂ ಇಳಿಸಿದರು. ಲಸಿಕೆಯನ್ನು ಕುರುಡು ನಂಬಿಕೆಯಿಂದ ಯಾರೂ ಹೊತ್ತು ತಿರುಗಲಿಲ್ಲ.

ಮನಸ್ಸಾಕ್ಷಿಯ ಒಂದು ಗಂಟು

ಕಥೋಲಿಕ ತಂದೆತಾಯಂದಿರಲ್ಲಿ ಕೆಲವರು ಇನ್ನೊಂದು ಪ್ರಶ್ನೆಯನ್ನೂ ಎತ್ತುತ್ತಾರೆ. ರುಬೆಲ್ಲಾ ಲಸಿಕೆಯ ವೈರಾಣುವನ್ನು ಬೆಳೆಸುವ ಜೀವಕೋಶಗಳ ಮೂಲ 1960ರ ದಶಕದ ಗರ್ಭಪಾತಗಳಿಂದ ಬಂದುದಲ್ಲವೇ ಎಂಬುದೇ ಆ ಪ್ರಶ್ನೆ. ಹೌದು. ಜೀವದ ಪಾವಿತ್ರ್ಯವನ್ನು ನಂಬುವವರಿಗೆ ಇದು ನೋವಿನ ಸಂಗತಿ. ಧರ್ಮಸಭೆ ಇದನ್ನು ಮರೆಮಾಚಿಲ್ಲ. ಜೀವಕ್ಕಾಗಿರುವ ಪೊಂಟಿಫಿಕಲ್ ಅಕಾಡೆಮಿ 2005ರಲ್ಲಿಯೂ, ವಿಶ್ವಾಸ ಸಿದ್ಧಾಂತದ ಧರ್ಮಪೀಠ 2020ರ ಡಿಸೆಂಬರ್ 21ರಂದು ಕೋವಿಡ್ ಲಸಿಕೆಗಳ ಬಗೆಗೂ ಇದನ್ನು ವಿವರವಾಗಿ ಪರಿಶೀಲಿಸಿದವು. ಅವುಗಳ ಸಾರ ಇಷ್ಟು: ಬೇರೆ ಲಸಿಕೆ ಸಿಗದಿದ್ದಾಗ ಇಂತಹವನ್ನು ಪಡೆಯುವುದು ಪಾಪವಲ್ಲ, ಪಡೆದವರು ಆ ಹಳೆಯ ಕೃತ್ಯವನ್ನು ಒಪ್ಪಿದಂತಾಗುವುದಿಲ್ಲ, ಆದರೆ ನಿರ್ದೋಷ ಮೂಲದ ಲಸಿಕೆಗಳಿಗಾಗಿ ದನಿಯೆತ್ತುತ್ತಿರಬೇಕು. ಎರಡನೆಯ ಟಿಪ್ಪಣಿ ಲಸಿಕೆಯನ್ನು ಬಲವಂತ ಮಾಡಬಾರದೆಂದೂ ಹೇಳುತ್ತದೆ. ಅದರೊಡನೆಯೇ, ನಿರಾಕರಿಸುವವರು ತಮ್ಮಿಂದ ಇತರರಿಗೆ ಸೋಂಕು ಹರಡದಂತೆ ಎಲ್ಲ ಎಚ್ಚರವನ್ನೂ ವಹಿಸಬೇಕೆಂದು ನೆನಪಿಸುತ್ತದೆ.

ರುಬೆಲ್ಲಾದ ವಿಷಯದಲ್ಲಿ ಇದಕ್ಕೆ ವಿಶೇಷ ತೂಕವಿದೆ. ಬಸುರಿಯಾದ ಮೊದಲ ತಿಂಗಳುಗಳಲ್ಲಿ ತಾಯಿಗೆ ಈ ಸೋಂಕು ತಗಲಿದರೆ ಗರ್ಭಪಾತವಾಗಬಹುದು, ಇಲ್ಲವೆ ಮಗು ಕಿವುಡಾಗಿ, ಕಣ್ಣಿನ ಪೊರೆಯೊಡನೆ, ಹೃದಯದ ದೋಷದೊಡನೆ ಹುಟ್ಟಬಹುದು. ಹಾಗೆಂದ ಮೇಲೆ ಹುಟ್ಟದ ಮಗುವಿನ ರಕ್ಷಣೆಯೇ ಈ ಲಸಿಕೆಯ ಒಂದು ಉದ್ದೇಶ. 2017ರ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ 9 ತಿಂಗಳಿಂದ 15 ವರ್ಷದ ಮಕ್ಕಳಿಗೆ ದಡಾರ-ರುಬೆಲ್ಲಾ ಅಭಿಯಾನ ನಡೆದಾಗ ವಾಟ್ಸಾಪ್ ವದಂತಿಗಳಿಗೆ ಅಂಜಿ ಮಕ್ಕಳನ್ನು ಶಾಲೆಯಿಂದ ಹಿಂದಕ್ಕೆ ಕರೆದುಕೊಂಡವರು ಈ ಅಂಶವನ್ನು ಅರಿತಿದ್ದರೆ ಬೇರೆ ತೀರ್ಮಾನಕ್ಕೆ ಬರುತ್ತಿದ್ದರೇನೋ.

ನಮ್ಮ ಜಿಲ್ಲೆಯಲ್ಲಿ ಮಾಡಬೇಕಾದ್ದು

2009ರ ಕೊನೆಯಲ್ಲಿ ಕಲಬುರಗಿಯಿಂದ ಬೇರ್ಪಟ್ಟ ನಮ್ಮ ಯಾದಗಿರಿ ಜಿಲ್ಲೆಯಲ್ಲಿ ಲಸಿಕೆ ತಪ್ಪಿದ ಮಕ್ಕಳೆಲ್ಲರ ಹೆತ್ತವರೂ ವಿರೋಧಿಗಳಲ್ಲ. ಸುಗ್ಗಿ ಮುಗಿದೊಡನೆ ಬೆಂಗಳೂರು, ಪುಣೆ, ಮುಂಬಯಿಗೆ ಗುಳೆ ಹೋಗುವ ಮನೆಗಳಲ್ಲಿ ಮಗುವಿನ ಕಾರ್ಡು ಊರಲ್ಲಿಯೇ ಉಳಿಯುತ್ತದೆ. ಕಟ್ಟಡದ ಶೆಡ್ಡಿನಲ್ಲಿ ಡೋಸಿನ ದಿನ ನೆನಪಾಗುವುದಿಲ್ಲ. ಅಂತಹವರಿಗೆ ಉಪದೇಶ ಬೇಡ, ನೆರವು ಬೇಕು. ತಾಯಿ ಕಾರ್ಡನ್ನು ಜೊತೆಗೆ ಒಯ್ಯಲಿ, ಅದರ ಫೋಟೊವನ್ನು ಫೋನಿನಲ್ಲಿ ಇಟ್ಟುಕೊಳ್ಳಲಿ. ಯಾವ ಊರಿನ ಸರಕಾರಿ ಆರೋಗ್ಯ ಕೇಂದ್ರದಲ್ಲಾದರೂ ಲಸಿಕೆ ಉಚಿತ. ಒಂದು ಡೋಸು ತಪ್ಪಿತೆಂದು ಮೊದಲಿನಿಂದ ಆರಂಭಿಸಬೇಕಾಗಿಲ್ಲ; ನಿಂತಲ್ಲಿಂದ ಮುಂದುವರಿಸಬಹುದು.

ಸಂದೇಹವಿರುವವರು ಅದನ್ನು ಒಯ್ಯಬೇಕಾದ ಸ್ಥಳ ಫೋನಲ್ಲ, ಪ್ರಾಥಮಿಕ ಆರೋಗ್ಯ ಕೇಂದ್ರ. ವೈದ್ಯರನ್ನು ಸಂಕೋಚವಿಲ್ಲದೆ ಕೇಳಿರಿ. ಹಿಂದಿನ ಲಸಿಕೆಗೆ ತೀವ್ರ ಅಲರ್ಜಿಯಾಗಿದ್ದರೆ, ಮಗುವಿಗೆ ಕ್ಯಾನ್ಸರ್ ಚಿಕಿತ್ಸೆ ನಡೆಯುತ್ತಿದ್ದರೆ, ರೋಗನಿರೋಧಕ ಶಕ್ತಿಯ ಕೊರತೆಯಿದ್ದರೆ, ಜೋರು ಜ್ವರವಿದ್ದರೆ ಮೊದಲೇ ಹೇಳಿರಿ. ಕೆಲವು ಲಸಿಕೆಗಳನ್ನು ಮುಂದೂಡುವುದು, ಕೆಲವನ್ನು ಕೊಡದಿರುವುದು ವೈದ್ಯಶಾಸ್ತ್ರವೇ ಹೇಳಿದ ನಿಯಮ. ಸಣ್ಣ ನೆಗಡಿ ಅಡ್ಡಿಯಲ್ಲ. ಲಸಿಕೆಯ ನಂತರ ಅರ್ಧ ಗಂಟೆ ಅಲ್ಲಿಯೇ ಕುಳಿತಿರಿ. ಅಸಹಜವಾದುದು ಏನಾದರೂ ಕಂಡರೆ ಕೂಡಲೇ ತಿಳಿಸಿ, ದಾಖಲಿಸುವಂತೆ ಕೇಳಿರಿ. ಹಾಗೆ ಕೇಳುವುದು ಜಗಳವಲ್ಲ; ಅಂತಹ ದಾಖಲೆಗಳಿಂದಲೇ ಲಸಿಕೆಯ ದೋಷಗಳು ಬೆಳಕಿಗೆ ಬಂದಿವೆ.

ಲಸಿಕೆಯನ್ನು ಒಪ್ಪಿದವರಿಗೂ ಒಂದು ಮಾತು. ಅಂಜುವ ನೆರೆಯವರನ್ನು ಹಂಗಿಸಬೇಡಿರಿ. ಹಂಗಿಸಿದ ಮನೆಯ ಬಾಗಿಲು ಆಶಾ ಕಾರ್ಯಕರ್ತೆಗೂ ತೆರೆಯುವುದಿಲ್ಲ. ನಿಮ್ಮ ಮಗುವನ್ನು ಕರೆದೊಯ್ಯುವ ದಿನ ಅವರನ್ನೂ ಜೊತೆಗೆ ಕರೆಯಿರಿ. ಜ್ವರ ಬಂದ ರಾತ್ರಿ ಅವರ ಮನೆಗೆ ಹೋಗಿ ಮಗುವನ್ನು ನೋಡಿರಿ.

ಮಾನುಷಿಕ ಸದ್ಗುಣಗಳಲ್ಲಿ ವಿವೇಕವೇ ಮೊದಲನೆಯದೆಂದು ಅಕ್ವಿನಾಸರು ಹೇಳುತ್ತಾರೆ. ವಿವೇಕವೆಂದರೆ ಅಪಾಯವೇ ಇಲ್ಲದ ದಾರಿಗಾಗಿ ಕಾಯುತ್ತ ಕೂರುವುದಲ್ಲ. ಅಂತಹ ದಾರಿ ಈ ಲೋಕದಲ್ಲಿಲ್ಲ. ಇರುವ ದಾರಿಗಳನ್ನು ಪ್ರಾಮಾಣಿಕವಾಗಿ ತೂಗಿ, ಮಗುವಿಗೆ ಒಳಿತಾದುದನ್ನು ಆರಿಸಿ, ಸಮಯ ಮೀರುವ ಮುನ್ನ ನಡೆಯುವುದೇ ವಿವೇಕ. ಈ ವಾರ ಪ್ರತಿಯೊಂದು ಮನೆಯಲ್ಲಿಯೂ ಮಕ್ಕಳ ಕಾರ್ಡನ್ನು ಹೊರತೆಗೆದು, ಖಾಲಿ ಉಳಿದ ಮನೆಗಳು ಯಾವುವೆಂದು ಗಂಡಹೆಂಡಿರಿಬ್ಬರೂ ಕುಳಿತು ನೋಡಲಿ ಎಂದು ನಮ್ಮ ಕೋರಿಕೆ.